ಶಾಂತಿನಿಕೇತನದ ವಸಂತ ಮತ್ತು ಹತ್ತು ರೂಪಾಯಿಯ ಮುತ್ತುಗದ ಹಾರ

ಫೆಬ್ರವರಿ ಬಂತೆಂದರೆ ಅಮ್ಮನ ಫೋನಿನಲ್ಲಿ ಒಂದು ಪ್ರಶ್ನೆ ಗ್ಯಾರಂಟಿ. ಬಿಸಿಲು ಜೋರಾಯ್ತು, ಅಕ್ಕಿ ಹಪ್ಪಳ ಮಾಡಿದ್ದಾಯ್ತು, ಬಾವಿ ನೀರು ಕೆಳಗಿಳೀತು ಅಂತ ಊರಿನ ವರದಿಯೆಲ್ಲ ಒಪ್ಪಿಸಿದ ಮೇಲೆ, “ಅದಿರ್ಲಿ, ಈ ಸಲ ಆ ಕಾಲೇಜಿನ ಹಬ್ಬಕ್ಕೆ ಹೊರಗಿನವರನ್ನ ಬಿಡ್ತಾರಂತೇನೋ?” ಅಂತ ಕೇಳುತ್ತಾಳೆ.

ಅವಳು ಹೇಳುವ ‘ಕಾಲೇಜು’ ಅಂದರೆ ಶಾಂತಿನಿಕೇತನದ ವಿಶ್ವಭಾರತಿ ವಿಶ್ವವಿದ್ಯಾಲಯ. ‘ಹಬ್ಬ’ ಅಂದರೆ ಅಲ್ಲಿಯ ವಸಂತೋತ್ಸವ. 2012ರ ಮಾರ್ಚಿನಲ್ಲಿ, ಆಫೀಸಿನ ಕೆಲಸದ ಮೇಲೆ ನಾನು ಕೆಲವು ತಿಂಗಳು ಕೋಲ್ಕತ್ತದಲ್ಲಿದ್ದಾಗ, ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಜನಜಂಗುಳಿಯಲ್ಲಿ ಅವಳಿಗೆ ಸರಿಯಾಗಿ ಏನೂ ಕಾಣಿಸಲಿಲ್ಲ. “ಇನ್ನೊಂದು ವರ್ಷ ಬೇಗ ಬಂದು ಮುಂದೆ ಕೂರೋಣ ಬಿಡು” ಅಂತ ಸಮಾಧಾನಕ್ಕೆ ಮಾತು ಕೊಟ್ಟುಬಿಟ್ಟೆ. ಆ ಇನ್ನೊಂದು ವರ್ಷ ಇವತ್ತಿನವರೆಗೂ ಬಂದಿಲ್ಲ. ಮೊದಲು ನನ್ನ ಸೋಮಾರಿತನ, ಆಮೇಲೆ ಕೊರೋನಾ, ಆಮೇಲೆ ಗೇಟು.

ಅಮ್ಮನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಪ್ರತಿ ವರ್ಷ ಆ ಹಬ್ಬದ ಬಗ್ಗೆ ಅಷ್ಟಿಷ್ಟು ಓದುತ್ತಾ ಬಂದೆ. ಓದಿದಷ್ಟೂ ಒಂದು ವಿಷಯ ಒಳಗೇ ಕೊರೆಯತೊಡಗಿತು. ಅದನ್ನು ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅಂತ ಈ ಬರಹ. ಸ್ವಲ್ಪ ಉದ್ದವಾಗುತ್ತೆ, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಳ್ಳಿ.

*

ನಾನು ಓದಿದ ಕಾಲೇಜಿನಲ್ಲಿ ವಸಂತ ಅಂದರೆ ಇಂಟರ್ನಲ್ಸು, ಅಟೆಂಡೆನ್ಸ್ ಶಾರ್ಟೇಜು, ಹಾಲ್ ಟಿಕೆಟ್ಟು. ಗೇಟಿನ ಪಕ್ಕ ಒಂದು ದೊಡ್ಡ ಹೊಂಗೆ ಮರ ಇತ್ತು. ಅದು ಚಿಗುರಿದ್ದನ್ನು ನಿಂತು ನೋಡಿದ ನೆನಪು ಒಂದೂ ಇಲ್ಲ. ಬಹುಶಃ ನಿಮ್ಮ ಕಾಲೇಜಿನ ಕಥೆಯೂ ಇದೇ ಇರಬಹುದು.

ಶಾಂತಿನಿಕೇತನದ ಕ್ಯಾಲೆಂಡರು ಬೇರೆ ಥರದ್ದು. ಫೆಬ್ರವರಿ 6ಕ್ಕೆ ಪಕ್ಕದ ಶ್ರೀನಿಕೇತನದ ವಾರ್ಷಿಕೋತ್ಸವ. 1922ರಲ್ಲಿ ಅದೇ ದಿನ ಗ್ರಾಮ ಪುನರ್ನಿರ್ಮಾಣದ ಆ ಸಂಸ್ಥೆ ಶುರುವಾಗಿತ್ತು. ಅಲ್ಲಿ ರೈತರ ಜಾತ್ರೆಯಂಥ ಮಾಘ ಮೇಳ ನಡೆಯುತ್ತದೆ. ಮಾರ್ಚ್ 10 ಗಾಂಧಿ ಪುಣ್ಯಾಹ. ಇದರ ಕಥೆ ಚೆನ್ನಾಗಿದೆ. 1915ರಲ್ಲಿ ಗಾಂಧೀಜಿ ಅಲ್ಲಿಗೆ ಬಂದಿದ್ದಾಗ, ಅಡುಗೆಯವರು ಕೆಲಸದವರು ಯಾಕೆ ಬೇಕು, ನೀವೇ ಮಾಡಿಕೊಳ್ಳಿ ಎಂದು ಹುಡುಗರಿಗೂ ಮೇಷ್ಟ್ರುಗಳಿಗೂ ಹೇಳಿದರು. ಮಾರ್ಚ್ 10ರಂದು ಹುಡುಗರು ತಾವೇ ಅಡುಗೆಗಿಳಿದರು, ಪಾತ್ರೆ ತೊಳೆದರು, ಕಕ್ಕಸು ಬಳಿದರು. ಪ್ರಯೋಗ ಬಹಳ ದಿನ ಬಾಳಲಿಲ್ಲ (ಹಾಸ್ಟೆಲಿನಲ್ಲಿದ್ದವರಿಗೆ ಕಾರಣ ಹೇಳಬೇಕಿಲ್ಲ!). ಆದರೆ ಅದರ ನೆನಪಿಗೆ ವರ್ಷಕ್ಕೊಂದು ದಿನ ಕೆಲಸದವರಿಗೆ ರಜೆ ಕೊಟ್ಟು ಕ್ಯಾಂಪಸ್ಸನ್ನು ವಿದ್ಯಾರ್ಥಿಗಳೇ ಗುಡಿಸುವ ಪದ್ಧತಿ ಉಳಿಯಿತು. ಫಾಲ್ಗುಣದ ಹುಣ್ಣಿಮೆಯ ಹೊತ್ತಿಗೆ ವಸಂತೋತ್ಸವ. ನಾವು ಹೋಳಿ ಎನ್ನುವುದನ್ನು ಬಂಗಾಳಿಗಳು ದೋಲ್ ಎನ್ನುತ್ತಾರೆ. ಏಪ್ರಿಲ್ ನಡುವಿಗೆ ಬಂಗಾಳಿ ಹೊಸ ವರ್ಷ. ರವೀಂದ್ರರ ಹುಟ್ಟುಹಬ್ಬ ನಿಜಕ್ಕೂ ಬರುವುದು ಮೇ ತಿಂಗಳಲ್ಲಿ. ಆ ಹೊತ್ತಿಗೆ ಬೀರಭೂಮ ಜಿಲ್ಲೆಯ ಬಾವಿಗಳೆಲ್ಲ ಒಣಗಿ ರಜೆ ಕೊಡಬೇಕಾಗುತ್ತಿತ್ತು. ಹಾಗಾಗಿ 1936ರಿಂದ ಹುಟ್ಟುಹಬ್ಬವನ್ನೂ ಹೊಸ ವರ್ಷದ ದಿನವೇ ಮಾಡತೊಡಗಿದರು. ನೀರಿಲ್ಲ ಅಂತ ಕವಿಯೊಬ್ಬ ತನ್ನ ಹುಟ್ಟಿದ ದಿನವನ್ನೇ ಹಿಂದಕ್ಕೆ ಹಾಕಿಕೊಂಡದ್ದು ನನಗೆ ತುಂಬಾ ಇಷ್ಟವಾದ ಸಂಗತಿ.

ಇಷ್ಟರಲ್ಲಿ ಹೊರಗಿನವರಿಗೆಲ್ಲ ಗೊತ್ತಿರುವುದು ವಸಂತೋತ್ಸವ ಮಾತ್ರ. ದೋಲ್ ಬಂತೆಂದರೆ ಪೇಪರುಗಳಲ್ಲಿ ಹಳದಿ ಸೀರೆಯ ಹುಡುಗಿಯರ ಫೋಟೋ, ಕೆಳಗೆ ‘ರವೀಂದ್ರನಾಥ ಟಾಗೋರರು ಆರಂಭಿಸಿದ ಉತ್ಸವ’ ಎಂಬ ಒಂದು ಸಾಲು. ಆ ಸಾಲು ಪೂರ್ತಿ ಸರಿಯಲ್ಲ.

*

ಶಾಂತಿನಿಕೇತನ ಮೊದಲು ಒಂದು ಬಯಲು. 1863ರಲ್ಲಿ ರವೀಂದ್ರರ ತಂದೆ ದೇವೇಂದ್ರನಾಥರು ಬೋಲ್ಪುರದ ಹತ್ತಿರ ಇಪ್ಪತ್ತು ಬಿಘಾ ಜಾಗ ಪಡೆದಾಗ ಅಲ್ಲಿ ಕೆಂಪು ಮಣ್ಣು, ಎರಡು ಸಪ್ತಪರ್ಣಿ ಮರ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ನಮ್ಮ ಕಡೆ ಮದ್ದಾಲೆ ಅಂತಾರಲ್ಲ, ಅದೇ ಮರ. ಅಲ್ಲಿ ಪದವಿ ಪಡೆದವರ ಕೈಗೆ ಅದರ ಎಲೆ ಕೊಡುವ ಸಂಪ್ರದಾಯವಿತ್ತು. 1901ರ ಡಿಸೆಂಬರಿನಲ್ಲಿ ರವೀಂದ್ರರು ಅಲ್ಲಿ ಶಾಲೆ ತೆರೆದಾಗ ಇದ್ದದ್ದು ಐದು ಜನ ಹುಡುಗರು. ಅದರಲ್ಲೊಬ್ಬ ಅವರ ದೊಡ್ಡ ಮಗ ರಥೀಂದ್ರ.

ಚಿಕ್ಕ ಮಗ ಶಮೀಂದ್ರ. ಮನೆಯವರಿಗೆ ಶಮಿ. 1907ರ ವಸಂತ ಪಂಚಮಿಯ ದಿನ, ಹತ್ತು ವರ್ಷದ ಈ ಶಮಿ ಒಂದಷ್ಟು ಹುಡುಗರನ್ನು ಕಟ್ಟಿಕೊಂಡು ‘ಋತುರಂಗ’ ಅಂತ ಒಂದು ಉತ್ಸವ ಮಾಡಿದ. ಹುಡುಗರು ಒಬ್ಬೊಬ್ಬರು ಒಂದೊಂದು ಋತುವಿನ ವೇಷ ಹಾಕಿಕೊಂಡರು. ಶಮಿಯದು ವಸಂತನ ವೇಷ. ಅದು ಹೋಳಿ ಹುಣ್ಣಿಮೆಯೂ ಅಲ್ಲ, ಬಣ್ಣದ ಹಬ್ಬವೂ ಅಲ್ಲ. ಶಾಲೆಯ ಹುಡುಗರು ತಮ್ಮ ತಮ್ಮಲ್ಲೇ ಆಡಿದ ಆಟ. ನಾವು ಚಿಕ್ಕವರಿದ್ದಾಗ ಅಮ್ಮನ ಸೀರೆ ಕಟ್ಟಿ ಜಗಲಿಯ ಮೇಲೆ ಯಕ್ಷಗಾನ ಆಡುತ್ತಿದ್ದೆವಲ್ಲ, ಹೆಚ್ಚುಕಡಿಮೆ ಹಾಗೆಯೇ. ಇವತ್ತಿನ ವಸಂತೋತ್ಸವದ ಬೇರನ್ನು ಹುಡುಕಿಕೊಂಡು ಹೋದವರೆಲ್ಲ ತಲುಪುವುದು ಈ ಮಕ್ಕಳಾಟಕ್ಕೆ.

ಅದೇ ವರ್ಷ ಪೂಜಾ ರಜೆಯಲ್ಲಿ ಶಮಿ ಗೆಳೆಯನ ಜೊತೆ ಬಿಹಾರದ ಮುಂಗೇರಿಗೆ ಹೋದ. ಅಲ್ಲಿ ಕಾಲರಾ ತಗುಲಿತು. ಸುದ್ದಿ ತಿಳಿದು ರವೀಂದ್ರರು ಓಡಿದರು. ನವೆಂಬರ್ 24ರಂದು ಹುಡುಗ ತೀರಿಕೊಂಡ. ಹನ್ನೊಂದೂ ತುಂಬಿರಲಿಲ್ಲ. ಬಂಗಾಳಿ ಪಂಚಾಂಗದ ಪ್ರಕಾರ ಅದು ಅಗ್ರಹಾಯಣ ಏಳು, ಐದು ವರ್ಷದ ಹಿಂದೆ ಅವನ ತಾಯಿ ಮೃಣಾಲಿನಿ ದೇವಿ ತೀರಿಕೊಂಡದ್ದೂ ಅದೇ ತಿಥಿಗೆ. ನಡುವಿನ ಆ ಐದು ವರ್ಷದಲ್ಲಿ ಮಗಳು ರೇಣುಕಾ ಹೋಗಿದ್ದಳು, ತಂದೆ ದೇವೇಂದ್ರನಾಥರು ಹೋಗಿದ್ದರು.

ಇಪ್ಪತ್ತೈದು ವರ್ಷ ಕಳೆದ ಮೇಲೆ, 1932ರಲ್ಲಿ, ರವೀಂದ್ರರ ಮಗಳು ಮೀರಾಳ ಒಬ್ಬನೇ ಮಗ ಜರ್ಮನಿಯಲ್ಲಿ ತೀರಿಕೊಂಡ. ಆಗ ಅಪ್ಪ ಮಗಳಿಗೊಂದು ಕಾಗದ ಬರೆಯುತ್ತಾರೆ. ಅದರಲ್ಲಿ ಶಮಿಯ ನೆನಪು ಬರುತ್ತದೆ. ಅವನು ಹೋದ ಮರುರಾತ್ರಿ ರೈಲಿನಲ್ಲಿ ಬರುತ್ತಿದ್ದಾಗ ಹೊರಗೆ ಆಕಾಶವೆಲ್ಲ ಬೆಳದಿಂಗಳಲ್ಲಿ ತೇಲುತ್ತಿತ್ತಂತೆ. ಎಲ್ಲೂ ಏನೂ ಕಡಿಮೆಯಾದ ಹಾಗೆ ಕಾಣಲಿಲ್ಲವಂತೆ. ಎಲ್ಲದರ ನಡುವೆ ಎಲ್ಲವೂ ಇದೆ, ನಾನೂ ಅದರೊಳಗೇ ಇದ್ದೇನೆ, ಮಾಡಬೇಕಾದ ಕೆಲಸ ಬಾಕಿಯಿದೆ ಎಂದು ಅವರಿಗೆ ಅನ್ನಿಸಿತಂತೆ. ಇದನ್ನು ಮೊದಲ ಸಲ ಓದಿದಾಗ ನನಗೆ ಕೋಪ ಬಂದಿತ್ತು, ಸುಳ್ಳು ಹೇಳಬಾರದು. ಮಗ ಸತ್ತ ಮರುದಿನ ಬೆಳದಿಂಗಳು ಕಾಣುವುದು ಹೇಗೆ? ನನಗೇ ಮಗಳು ಹುಟ್ಟಿದ ಮೇಲೆ ಮತ್ತೆ ಓದಿದೆ. ಇಪ್ಪತ್ತೈದು ವರ್ಷದ ನಂತರವೂ ಆ ರಾತ್ರಿಯ ರೈಲಿನ ಕಿಟಕಿ ನೆನಪಿದೆ ಅಂದರೆ ಏನರ್ಥ ಅಂತ ಆಗ ಸ್ವಲ್ಪ ಹೊಳೆಯಿತು.

ಮುಂದಿನ ವರ್ಷ, 1908ರಲ್ಲಿ, ಅವರು ಶಾಲೆಯ ಹುಡುಗರಿಗಾಗಿ ‘ಶಾರದೋತ್ಸವ’ ನಾಟಕ ಬರೆದು ಆಡಿಸಿದರು. ಋತುಗಳ ಮೇಲೆ ನಾಟಕ ಬರೆಯುವ ಅವರ ಸಾಲು ಅಲ್ಲಿಂದ ಶುರು. 1915ಕ್ಕೆ ‘ಫಾಲ್ಗುಣಿ’. ಒಂದಷ್ಟು ಹುಡುಗರು ಯಾರೂ ಕಂಡಿರದ ಒಬ್ಬ ಮುದುಕನನ್ನು ಹಿಡಿದೇ ತೀರುತ್ತೇವೆ ಎಂದು ಹೊರಡುತ್ತಾರೆ. ಕೊನೆಗೆ ಗುಹೆಯಿಂದ ಹೊರಬರುವುದು ಮುದುಕನಲ್ಲ, ಎಳೆಯ ಮುಖ. ಮಗ ಹಾಕಿದ್ದ ವೇಷಕ್ಕೂ ಅಪ್ಪ ಬರೆದ ಈ ನಾಟಕಕ್ಕೂ ಗಂಟು ಹಾಕುವುದು ನನ್ನ ಊಹೆ ಅಷ್ಟೇ, ಪಂಡಿತರು ಬೈದರೆ ಬೈಸಿಕೊಳ್ಳುತ್ತೇನೆ. ಆದರೆ ಓದುವಾಗ ಆ ಹುಡುಗನನ್ನು ಮರೆಯಲು ನನಗಂತೂ ಆಗುವುದಿಲ್ಲ.

*

ಇಷ್ಟು ಹೊತ್ತು ಮಕ್ಕಳಾಟವಾಗಿದ್ದದ್ದು ಊರಿನೆದುರಿಗೆ ಬಂದದ್ದು ಯಾವಾಗ? ನೇರ ಕಾರಣ ದುಡ್ಡು. ಮೊದಲು ಬೇರೆಯವರಿಗಾಗಿ, ಆಮೇಲೆ ತಮಗಾಗಿ.

1916ರ ಜನವರಿಯಲ್ಲಿ ‘ಫಾಲ್ಗುಣಿ’ಯನ್ನು ಕಲ್ಕತ್ತದ ಜೋಡಾಸಾಂಕೋ ಮನೆಯಲ್ಲಿ ಆಡಿದರು. ಬಾಂಕುಡಾದ ಬರಗಾಲಕ್ಕೆ ನಿಧಿ ಎತ್ತುವುದಕ್ಕೆ. ಕುರುಡ ಬಾವುಲನ ಪಾತ್ರ ಸ್ವತಃ ರವೀಂದ್ರರದ್ದು. ಶಾಲೆಯ ವಸಂತ ಟಿಕೆಟ್ಟಿನ ಮೇಲೆ ಪಟ್ಟಣಕ್ಕೆ ಬಂದದ್ದು ಹೀಗೆ.

1921ರ ಡಿಸೆಂಬರ್ 23ಕ್ಕೆ ವಿಶ್ವಭಾರತಿಯ ವಿಧ್ಯುಕ್ತ ಆರಂಭ. ಲೋಕವೆಲ್ಲ ಒಂದೇ ಗೂಡಿಗೆ ಬಂದು ಸೇರುವ ಜಾಗ ಎಂಬ ಅರ್ಥದ್ದು ಅದರ ಧ್ಯೇಯವಾಕ್ಯ. ಆ ದಿನದ ಸಭೆಯ ಅಧ್ಯಕ್ಷರು ಯಾರು ಗೊತ್ತೇ? ಬ್ರಜೇಂದ್ರನಾಥ ಸೀಲ್. ಅದೇ ವರ್ಷ ನಮ್ಮ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದವರು! 1928ರಲ್ಲಿ ರವೀಂದ್ರರು ಬೆಂಗಳೂರಿಗೆ ಬಂದು ಇದೇ ಸೀಲರ ಅತಿಥಿಯಾಗಿದ್ದಾಗ ‘ಶೇಷೇರ್ ಕವಿತಾ’ ಕಾದಂಬರಿಯನ್ನು ಬರೆದು ಮುಗಿಸಿದರು. ನಮ್ಮ ಊರಿಗೂ ಆ ಊರಿಗೂ ಇರುವ ನಂಟು ಇದೊಂದೇ ಅಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಗೂಡು ಕಟ್ಟಿದ್ದಾಯಿತು, ಕಾಳು ಎಲ್ಲಿಂದ ತರುವುದು? ಸರ್ಕಾರದ ಹಂಗು ಬೇಡ ಅಂತಿದ್ದರು. ಹಾಗಾಗಿ ಹಾಡು ಕುಣಿತಗಳೇ ಊರೂರು ಅಲೆಯಬೇಕಾಯಿತು. 1923ರ ಫೆಬ್ರವರಿಯಲ್ಲಿ ‘ಬಸಂತ’ ಎಂಬ ಗೀತನಾಟಕ ಕಲ್ಕತ್ತದಲ್ಲಿ ರಂಗಕ್ಕೆ ಬಂತು. ಆ ಪುಸ್ತಕವನ್ನು ರವೀಂದ್ರರು ಅರ್ಪಿಸಿದ್ದು ಕಾಜಿ ನಜ್ರುಲ್ ಇಸ್ಲಾಮರಿಗೆ. ನಜ್ರುಲ್ ಆಗ ಅಲಿಪುರ ಜೈಲಿನಲ್ಲಿದ್ದರು, ತಮ್ಮ ಪತ್ರಿಕೆಯಲ್ಲಿ ಬರೆದದ್ದಕ್ಕೆ ರಾಜದ್ರೋಹದ ಕೇಸಿನಲ್ಲಿ ಒಂದು ವರ್ಷದ ಸಜೆ. ಪುಸ್ತಕವನ್ನು ಜೈಲಿಗೇ ಕಳಿಸಿಕೊಟ್ಟರು. ವಸಂತದ ನಾಟಕವೊಂದು ಜೈಲಿನ ಬಾಗಿಲು ದಾಟಿ ಒಳಗೆ ಹೋಯಿತು ಅಂತ ನೆನೆದರೆ ಮೈ ಜುಮ್ಮೆನ್ನುತ್ತದೆ. ಇಪ್ಪತ್ತಮೂರರ ಹರೆಯದ ಆ ಹುಡುಗನಿಗೆ ಅದನ್ನು ಕೈಯಲ್ಲಿ ಹಿಡಿದಾಗ ಹೇಗಾಗಿರಬೇಕು!

ಇನ್ನು ಹುಡುಗಿಯರ ಕುಣಿತದ ವಿಷಯ. ಒಳ್ಳೆಯ ಮನೆತನದ ಹೆಣ್ಣುಮಕ್ಕಳು ವೇದಿಕೆಯ ಮೇಲೆ ಕುಣಿಯುವುದು ಆಗ ದೊಡ್ಡ ಅಪರಾಧ. 1926ರ ಮೇ ತಿಂಗಳಲ್ಲಿ, ರವೀಂದ್ರರ ಹುಟ್ಟುಹಬ್ಬಕ್ಕೆ, ‘ನಟೀರ್ ಪೂಜಾ’ವನ್ನು ಹುಡುಗಿಯರೇ ಆಡಿದರು. ಕಲಾವಿದ ನಂದಲಾಲ ಬೋಸರ ಮಗಳು ಗೌರಿಯದು ಮುಖ್ಯ ಪಾತ್ರ. ಆಶ್ರಮದ ಒಳಗೆ ಸರಿ, 1927ರಲ್ಲಿ ಅದನ್ನೇ ಕಲ್ಕತ್ತಕ್ಕೆ ಒಯ್ಯುವಾಗ ಜನ ಏನೆಂದಾರೋ ಎಂಬ ಅಳುಕು. ರವೀಂದ್ರರು ತಮಗಾಗಿ ಒಂದು ಭಿಕ್ಷುವಿನ ಪಾತ್ರವನ್ನು ಹೊಸದಾಗಿ ಸೇರಿಸಿಕೊಂಡರು. ಬಿಳಿಗಡ್ಡದ ಮುದುಕ ತಾನೂ ವೇದಿಕೆ ಮೇಲಿದ್ದರೆ ಹುಡುಗಿಯರನ್ನು ಯಾರೂ ಆಡಿಕೊಳ್ಳಲಿಕ್ಕಿಲ್ಲ ಅಂತ ಲೆಕ್ಕ. ಇವತ್ತು ವಸಂತೋತ್ಸವದಲ್ಲಿ ನೂರಾರು ಹುಡುಗಿಯರು ಬಯಲಿನಲ್ಲಿ ನಿರಾಳವಾಗಿ ಕುಣಿಯುತ್ತಾರೆಂದರೆ ಅದರ ಹಿಂದೆ ಈ ಅಳುಕಿನ ದಿನಗಳೂ ಇವೆ.

1936ರ ವಸಂತದ್ದು ಮಾತ್ರ ಓದಿದರೆ ಹೊಟ್ಟೆ ಚುರ್ ಅನ್ನುತ್ತದೆ. ರವೀಂದ್ರರಿಗೆ ಎಪ್ಪತ್ತೈದು ತುಂಬುತ್ತಾ ಬಂದಿತ್ತು, ಆರೋಗ್ಯ ಅಷ್ಟಕ್ಕಷ್ಟೆ. ವಿಶ್ವಭಾರತಿಯ ಸಾಲ ತೀರಿಸಬೇಕು. ಮಾರ್ಚಿನಲ್ಲಿ ಕಲ್ಕತ್ತದಲ್ಲಿ ‘ಚಿತ್ರಾಂಗದಾ’ ನೃತ್ಯನಾಟಕ ಆಡಿ, ಅದೇ ತಂಡವನ್ನು ಕಟ್ಟಿಕೊಂಡು ಉತ್ತರ ಭಾರತದ ಊರುಗಳಿಗೆ ಹೊರಟರು. ಪಟ್ನಾ, ಅಲಹಾಬಾದ್, ಲಾಹೋರ್, ದೆಹಲಿ. ಮಕ್ಕಳು ಕುಣಿಯುತ್ತಿದ್ದರೆ ಪಕ್ಕದಲ್ಲಿ ಈ ಮುದುಕ. ನೊಬೆಲ್ ಬಂದು ಇಪ್ಪತ್ತಮೂರು ವರ್ಷವಾಗಿದೆ, ಲೋಕವೆಲ್ಲ ಗೊತ್ತು, ಆದರೂ ರೈಲು ಹತ್ತಿ ಇಳಿದು ಟಿಕೆಟ್ ಕಲೆಕ್ಷನ್ ಎಷ್ಟಾಯಿತು ಅಂತ ಕೇಳಬೇಕು! ದೆಹಲಿಯಲ್ಲಿ ಗಾಂಧೀಜಿಗೆ ಇದು ತಿಳಿದು ತಡೆದುಕೊಳ್ಳಲಾಗಲಿಲ್ಲ. ಈ ವಯಸ್ಸಿನಲ್ಲಿ ಹೀಗೆ ಅಲೆಯುವುದು ಬೇಡ ಅಂತ ಹೇಳಿ, ದಾನಿಗಳಿಂದ 60,000 ರೂಪಾಯಿ ಹೊಂದಿಸಿ ತರಿಸಿಕೊಟ್ಟರು. ಮುಂದಿನ ಪ್ರವಾಸವನ್ನು ಮೊಟಕುಗೊಳಿಸಲಾಯಿತು.

ನನಗೆ ಈ ಘಟನೆ ಮುಖ್ಯ ಅನ್ನಿಸುವುದು ಬೇರೆ ಕಾರಣಕ್ಕೆ. ಆ ಕ್ಯಾಂಪಸ್ಸಿನ ಹಾಡು ಕುಣಿತ ಹೊರಗಿನವರಿಗೆ ತೆರೆದುಕೊಂಡದ್ದು ಬರೀ ಆದರ್ಶದಿಂದಲ್ಲ, ಹೊರಗಿನವರು ಅವರಿಗೆ ಬೇಕಿತ್ತು. ಹೊರಗಿನವರ ದುಡ್ಡಿನಿಂದಲೇ ಅಲ್ಲಿ ಅನ್ನ ಬೇಯುತ್ತಿತ್ತು. 1951ರಲ್ಲಿ ವಿಶ್ವಭಾರತಿ ಕೇಂದ್ರೀಯ ವಿಶ್ವವಿದ್ಯಾಲಯವಾದ ಮೇಲೆ ಆ ಚಿಂತೆ ಹೋಯಿತು. ಆದರೆ ಹೊರಗಿನವರು ಹೋಗಲಿಲ್ಲ. ಪ್ರತಿ ವರ್ಷ ಹೆಚ್ಚಾಗುತ್ತಲೇ ಬಂದರು. ಅವರಲ್ಲಿ ನಾನೂ ಒಬ್ಬ.

*

ಆ ಕಥೆಗೆ ಮುಂಚೆ, ಆಗ ಬಿಟ್ಟ ನಮ್ಮೂರಿನ ನಂಟನ್ನು ಹೇಳಿಬಿಡುತ್ತೇನೆ. ಅಲ್ಲಿಯ ಹಾಡುಗಳು ಕನ್ನಡದ ಕಿವಿಗೆ ಎಲ್ಲೋ ಕೇಳಿದ ಹಾಗಿವೆ ಅನ್ನಿಸುವುದು ಬರೀ ಭ್ರಮೆಯಲ್ಲ. 1883ರ ಸುಮಾರಿಗೆ, ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, ರವೀಂದ್ರರು ಅಲ್ಲಿ ಬಂದು ಇದ್ದರು. ‘ಪ್ರಕೃತಿಯ ಪ್ರತಿಶೋಧ’ ಬರೆದದ್ದು ಆ ಕಡಲ ದಂಡೆಯಲ್ಲಿ. ಅವರ ‘ಬಡೋ ಆಶಾ ಕರೇ’ ಎಂಬ ಹಾಡು ಒಂದು ಕನ್ನಡ ಹಾಡಿನ ಮಟ್ಟಿನ ಮೇಲೆ ಕಟ್ಟಿದ್ದು. 1890ರ ದಶಕದಲ್ಲಿ ಅವರ ಅಕ್ಕನ ಮಗಳು ಸರಳಾದೇವಿ ಮೈಸೂರಿನ ಮಹಾರಾಣಿ ಶಾಲೆಯಲ್ಲಿ ಪಾಠ ಹೇಳಲು ಬಂದರು. ಮನೆಯವರ ವಿರೋಧ ಕಟ್ಟಿಕೊಂಡು ಒಬ್ಬಳೇ ಹೆಣ್ಣುಮಗಳು ಅಷ್ಟು ದೂರ ಬಂದದ್ದೇ ಒಂದು ಸಾಹಸ. ವಾಪಸ್ಸು ಹೋಗುವಾಗ ಮೈಸೂರಿನ ಹಾಡುಗಳನ್ನು ಗಂಟು ಕಟ್ಟಿಕೊಂಡು ಹೋಗಿ ಮಾವನಿಗೆ ಕೊಟ್ಟರು. ರವೀಂದ್ರರ ‘ಆನಂದಲೋಕೇ’ ಹುಟ್ಟಿದ್ದು ಅಂಥದ್ದೊಂದು ಹಾಡಿನಿಂದ.

ವಸಂತದ ಹಾಡಿಗೇ ಬರೋಣ. 1920ರ ದಶಕದ ಕೊನೆಗೆ ಸಾವಿತ್ರಿ ಎಂಬ ದಕ್ಷಿಣದ ಹುಡುಗಿ ಶಾಂತಿನಿಕೇತನಕ್ಕೆ ಹೋಗಿದ್ದಳು. ಅವಳು ಹಾಡುತ್ತಿದ್ದ ಕರ್ನಾಟಕ ಸಂಗೀತದ ಕೃತಿಗಳನ್ನು ಕೇಳಿ ರವೀಂದ್ರರು ಅದೇ ಧಾಟಿಗೆ ಬಂಗಾಳಿ ಮಾತು ಕೂರಿಸಿದರು. ಮುತ್ತುಸ್ವಾಮಿ ದೀಕ್ಷಿತರ ‘ಮೀನಾಕ್ಷಿ ಮೇ ಮುದಂ’ ಹೋಗಿ ‘ಬಾಸಂತೀ ಹೇ ಭುವನಮೋಹಿನೀ’ ಆಯಿತು. ಮಧುರೆಯ ಅಮ್ಮನವರು ವಸಂತದ ದೇವಿಯಾದಳು. ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ, ನಗು ಬರುತ್ತದೆ. ಖುಷಿಯ ನಗು.

*

2012ಕ್ಕೆ ಬರುತ್ತೇನೆ. ಹಿಂದಿನ ದಿನವೇ ಹೌರಾದಿಂದ ರೈಲು ಹತ್ತಿದೆವು. ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲ, ಅರ್ಧ ಜನ ಅಲ್ಲಿಗೇ ಹೊರಟವರು. ಬೋಲ್ಪುರದಲ್ಲಿ ಇಳಿದರೆ ಲಾಡ್ಜುಗಳೆಲ್ಲ ಭರ್ತಿ. ಒಬ್ಬರ ಮನೆಯ ಮಹಡಿ ಮೇಲಿನ ಕೋಣೆ, ಬಾಯಿಗೆ ಬಂದ ಬಾಡಿಗೆ. ಬೆಳಗಿನ ಜಾವ ಎದ್ದು ಸೈಕಲ್ ರಿಕ್ಷಾ ಹಿಡಿದು ಹೊರಟರೆ ಅರ್ಧ ದಾರಿಯಲ್ಲೇ ಅವನು ಇಳಿಸಿಬಿಟ್ಟ. ಮುಂದೆಲ್ಲ ಜನ.

ದಾರಿಯುದ್ದಕ್ಕೂ ಹೂ ಮಾರುವವರು. ಪಲಾಶ್ ಹೂವಿನ ಹಾರ, ತಲೆಗೆ ಕಟ್ಟುವ ಪಟ್ಟಿ, ಕೆಲವರ ಕೈಯಲ್ಲಿ ಇಡೀ ಕೊಂಬೆಯೇ. ಪಲಾಶ್ ಅಂದರೆ ನಮ್ಮ ಮುತ್ತುಗ. ಹತ್ತು ರೂಪಾಯಿ ಕೊಟ್ಟು ಅಮ್ಮನಿಗೊಂದು ಹಾರ ಕೊಡಿಸಿದೆ. ಅಮ್ಮ ಅದನ್ನು ಹಿಡಿದುಕೊಂಡು ಹಿಂದೆ ಮುಂದೆ ನೋಡಿದಳು. “ಮುತ್ತುಗದ ಎಲೆ ಹಚ್ಚಿ ಊಟ ಮಾಡಿದ್ದೀನಿ ಕಣೋ, ಹೂ ಯಾವತ್ತೂ ಮುಡಿದಿರಲಿಲ್ಲ” ಅಂದಳು. ಆಮೇಲೆ, “ಮರದ ಮೇಲೇ ಇದ್ರೆ ಚಂದ ಇದು” ಅಂತ ಸೇರಿಸಿದಳು. ನಾನು ಕೇಳಿಸಿಕೊಳ್ಳಲಿಲ್ಲ.

ಮೊದಲೆಲ್ಲ ಉತ್ಸವ ನಡೆಯುತ್ತಿದ್ದದ್ದು ಆಮ್ರಕುಂಜದಲ್ಲಿ, ಅಂದರೆ ಮಾವಿನ ತೋಪಿನಲ್ಲಿ. ಜನ ಹೆಚ್ಚಾಗಿ ಮರಗಳಿಗೆ ತೊಂದರೆಯಾಗುತ್ತದೆ ಅಂತ ಪಕ್ಕದ ದೊಡ್ಡ ಬಯಲಿಗೆ ಸ್ಥಳ ಬದಲಾಗಿತ್ತು. ಬೆಳಿಗ್ಗೆ ಮೆರವಣಿಗೆ ಬಂತು. ಹಳದಿ ಸೀರೆ, ಹಳದಿ ಜುಬ್ಬಾ, ಪುಟ್ಟ ಮಕ್ಕಳಿಂದ ಹಿಡಿದು ಕಾಲೇಜು ಹುಡುಗರವರೆಗೆ, ಹಾಡುತ್ತಾ ಹೆಜ್ಜೆ ಹಾಕುತ್ತಾ. ಆ ಮೆರವಣಿಗೆಯ ಹಾಡು ‘ಓರೇ ಗೃಹವಾಸಿ’. ಮನೆಯೊಳಗೆ ಕೂತವರನ್ನು, ಬಾಗಿಲು ತೆಗೆಯಿರಿ, ಹೊರಗೆ ವಸಂತ ಬಂದಿದೆ ಎಂದು ಕರೆಯುವ ಹಾಡು ಅದು. ಹಾಡು ಕೇಳಿಸಿತು. ಕಂಡದ್ದು ಮಾತ್ರ ನಮ್ಮ ಮುಂದಿದ್ದವರ ಬೆನ್ನು, ಮೇಲೆತ್ತಿದ ಕ್ಯಾಮೆರಾ. ಅಮ್ಮನನ್ನು ಒಂದು ಕಟ್ಟೆಯ ಮೇಲೆ ಹತ್ತಿಸಿ ನಿಲ್ಲಿಸಿದೆ, ಅವಳಿಗೆ ಒಂದಷ್ಟು ಹಳದಿ ಬಣ್ಣ ಅಲ್ಲಾಡುವುದು ಕಂಡಿತಂತೆ.

ಅಲ್ಲಿಯ ರೂಢಿಯ ಪ್ರಕಾರ ಕೊನೆಯ ಹಾಡು ಮುಗಿಯುವವರೆಗೂ ಬಣ್ಣ ಮುಟ್ಟುವಂತಿಲ್ಲ. ಆಮೇಲೂ ಒಣ ಅಬೀರು ಮಾತ್ರ. ಮಕ್ಕಳು ಮೇಷ್ಟ್ರುಗಳ ಪಾದಕ್ಕೆ ಇಟ್ಟು, ಅವರು ಮಕ್ಕಳ ಹಣೆಗೆ ಹಚ್ಚಿ... ಓದಿದ್ದು ಹಾಗೆ. ನಮ್ಮ ಸುತ್ತ ನಿಂತವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ನೃತ್ಯ ಇನ್ನೂ ನಡೆಯುತ್ತಿದ್ದಾಗಲೇ ಎರಚಾಟ ಶುರುವಾಯಿತು. ಮಕ್ಕಳು ತಿಂಗಳಿಡೀ ಪ್ರಾಕ್ಟೀಸ್ ಮಾಡಿದ ಕುಣಿತವನ್ನು ಮರೆಸಿ ಧೂಳೂ ಬಣ್ಣವೂ ಎದ್ದಿತು. ಮಧ್ಯಾಹ್ನ ವಾಪಸ್ಸು ನಡೆಯುವಾಗ ರಸ್ತೆ ಪೂರ್ತಿ ತುಳಿದ ಮುತ್ತುಗದ ಹೂ, ನೀರಿನ ಬಾಟಲಿ, ಚಪ್ಪಲಿ. ಅಮ್ಮನ ಹಾರವೂ ಎಲ್ಲೋ ಬಿದ್ದುಹೋಗಿತ್ತು.

ಆಮೇಲಿನ ವರ್ಷಗಳಲ್ಲಿ ಇದು ಇನ್ನೂ ಹೆಚ್ಚಾಯಿತು. 2019ರಲ್ಲಿ ನೂಕುನುಗ್ಗಲು ವಿಪರೀತವಾಯಿತು ಅಂತ ವರದಿಗಳು ಬಂದವು. 2020ರ ಮಾರ್ಚಿನಲ್ಲಿ ಕೊರೋನಾ ಭಯದಿಂದ ಉತ್ಸವ ರದ್ದಾಯಿತು. ಅದರ ನಂತರ ವಿಶ್ವವಿದ್ಯಾಲಯ ಮೊದಲಿನ ಹಾಗೆ ಎಲ್ಲರನ್ನೂ ಒಳಗೆ ಬಿಡಲಿಲ್ಲ. 2023ರಲ್ಲಿ ದೋಲ್‌ಗೆ ಕೆಲವು ದಿನ ಮುಂಚೆಯೇ ‘ಬಸಂತ ವಂದನಾ’ ಎಂಬ ಹೆಸರಿನಲ್ಲಿ ತಮ್ಮವರಷ್ಟೇ ಸೇರಿ ಮುಗಿಸಿಕೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಶಾಂತಿನಿಕೇತನ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪರಂಪರೆಯನ್ನು ಕಾಪಾಡಬೇಕು ಎಂಬುದು ಗೇಟು ಹಾಕಲು ಇನ್ನೊಂದು ಕಾರಣವಾಯಿತು. ಗೇಟು ಹಾಕಿದರೆ ಜನ ಮನೆಯಲ್ಲಿ ಕೂರುತ್ತಾರೆಯೇ? ಪಕ್ಕದ ಸೋನಾಝುರಿ ಕಾಡಿಗೆ ಹೋದರು. 2025ರಲ್ಲಿ ಅಲ್ಲಿ ಬಣ್ಣ ಆಡಬೇಡಿ ಅಂತ ಅರಣ್ಯ ಇಲಾಖೆಯವರು ಬೋರ್ಡು ಹಾಕಿದ್ದೇ ದೊಡ್ಡ ರಂಪವಾಯಿತು.

ನನ್ನ ಅಭಿಪ್ರಾಯ ಕೇಳಿದರೆ ಎರಡು ನಾಲಿಗೆಯವನ ಹಾಗೆ ಮಾತಾಡಬೇಕಾಗುತ್ತದೆ. ಗೇಟು ಹಾಕಿದವರ ಮೇಲೆ ಕೋಪ ಬರುತ್ತದೆ. ಬಾಗಿಲು ತೆಗೆಯಿರಿ ಅಂತ ಹಾಡುವ ಮಕ್ಕಳನ್ನು ಬಾಗಿಲು ಹಾಕಿಕೊಂಡು ಹಾಡಿಸುವುದು ಎಂಥ ಚಂದ? ದೂರದ ನಮ್ಮಂಥವರ ಮಾತಿರಲಿ, ತಲೆತಲಾಂತರದಿಂದ ಅದನ್ನು ತಮ್ಮ ಹಬ್ಬ ಅಂದುಕೊಂಡ ಬೋಲ್ಪುರದ ಜನ ಏನು ತಪ್ಪು ಮಾಡಿದ್ದರು? ಆದರೆ ಶಮಿಯ ಕಥೆ ಓದಿದ ಮೇಲೆ ಇನ್ನೊಂದು ಪ್ರಶ್ನೆ ನನ್ನನ್ನೇ ಕೇಳುತ್ತದೆ. ಅದು ಮಕ್ಕಳು ತಮಗಾಗಿ ಆಡಿದ ಆಟ. ಆ ಬಯಲಿನಲ್ಲಿ ಮಕ್ಕಳಿಗಿಂತ ನೋಡುವವರೇ ಹೆಚ್ಚಾಗಿ, ಮಕ್ಕಳ ಆಟವೇ ಕಾಣದ ಹಾಗೆ ಮಾಡಿದವರಲ್ಲಿ ಹತ್ತು ರೂಪಾಯಿಗೆ ಹಾರ ಕೊಂಡ ನಾನೂ ಇದ್ದೆನಲ್ಲ? ಆ ಗೇಟಿಗೆ ಒಂದು ಸರಳು ನಾನೂ ಕೂರಿಸಿದ್ದೇನೆ. ಮತ್ತೆ ಮಾವಿನ ತೋಪಿಗೇ ಹೋಗಲಿ, ಅಲ್ಲಿ ಹಿಡಿಯುವಷ್ಟೇ ಜನ ಇರಲಿ, ಊರಿನವರಿಗೆ ಮೊದಲು ಜಾಗ ಸಿಗಲಿ ಅಂತ ನನಗನ್ನಿಸುತ್ತದೆ. ನನ್ನ ಮಾತು ಕೇಳಿ ಯಾರೂ ಗೇಟು ತೆಗೆಯುವುದಿಲ್ಲ, ಅದು ಬೇರೆ ಮಾತು.

ಮೊನ್ನೆ ಫೋನಿನಲ್ಲಿ ಅಮ್ಮ ಮತ್ತೆ ಕೇಳಿದಾಗ ಶಮಿಯ ಕಥೆ ಹೇಳಿದೆ. ಗಾಂಧೀಜಿ ದುಡ್ಡು ಕೊಡಿಸಿದ್ದು, ಮೈಸೂರಿನಿಂದ ಹಾಡು ಹೋದದ್ದು, ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಆ ಹುಡುಗನ ತಾಯಿ ಮೊದಲೇ ಹೋಗಿದ್ಲು ಅಂದ್ಯಲ್ಲ, ಒಳ್ಳೇದಾಯ್ತು” ಅಂದಳು.

ಆಮೇಲೆ, “ನಮ್ಮ ಗದ್ದೆ ಬದುವಿನ ಮುತ್ತುಗ ಈ ಸಲ ಪೂರ್ತಿ ಬಿಟ್ಟಿದೆ. ಮಗಳನ್ನ ಕರ್ಕೊಂಡು ಬಾ. ಕೀಳೋದು ಬೇಡ ಅಂತ ಅವಳಿಗೆ ಮೊದಲೇ ಹೇಳು” ಅಂತ ಹೇಳಿ ಫೋನಿಟ್ಟಳು.